ಗುಡ್ಡ ದಾಟಿದ ನಲವತ್ತೊಂದು

"ಕ್ರಿಂಪಿಂಗ್ ಇಕ್ಕಳ?"

"ಇದೆ."

"ಇದೆ ಅಂದ್ರೆ?"

"ಕಚ್ಚುತ್ತೆ ಚಿಕ್ಕಪ್ಪ. ಈಗ್ತಾನೆ ಒಂದು ತಂತಿ ಕಚ್ಚಿಸಿ ನೋಡ್ದೆ."

"ಹಾಗೆ ಹೇಳು. ಇದೆ ಅಂತ ಗೋಡೆ ಕೇಳಿದ್ರೂ ಹೇಳುತ್ತೆ."

ಚಿಕ್ಕಪ್ಪ ಪಟ್ಟಿಯಲ್ಲಿ ಗುರುತು ಹಾಕಿದರು. ನೂರ ಹದಿನೆಂಟು ಸಾಲುಗಳ ಪಟ್ಟಿ. ಅವರು ಓದಬೇಕು, ಅಣ್ಣನ ಮಗಳು ಆ ವಸ್ತುವನ್ನು ಕೈಯಲ್ಲಿ ಹಿಡಿದು ಅದರ ಸ್ಥಿತಿ ಹೇಳಬೇಕು, ಆಮೇಲೆ ಅದು ಕ್ರೇಟಿಗೆ ಹೋಗಬೇಕು. ಅಣ್ಣನ ಮಗಳಿಗೆ ಮೂವತ್ತೊಂದು ವರ್ಷ. ಮನೆಯಲ್ಲಿ ಎಲ್ಲರೂ ಅವಳನ್ನು ಇನ್ನೂ ಪುಟ್ಟಿ ಎಂದೇ ಕರೆಯುತ್ತಿದ್ದರು. ಅವಳೂ ತಕರಾರು ಮಾಡುವುದನ್ನು ಬಿಟ್ಟು ಹತ್ತು ವರ್ಷವಾಗಿತ್ತು.

ಮರುದಿನ ಬೆಳಗ್ಗೆ ಆರಕ್ಕೆ ಜೀಪು ಹೊರಡಬೇಕಿತ್ತು. ಗುಡ್ಡದ ಸಾಲಿನ ಆಚೆ ಒಂದು, ಈಚೆ ಒಂದು ಹೊಳೆ. ಪಡುವಣ ಹೊಳೆಯ ದಂಡೆಯಲ್ಲಿ ನಾಲ್ಕು, ಮೂಡಣ ಹೊಳೆಯ ದಂಡೆಯಲ್ಲಿ ಮೂರು, ಒಟ್ಟು ಏಳು ರಿಸೀವರ್‌ಗಳು ಕಂಬಗಳ ಮೇಲೆ ಕುಳಿತಿವೆ. ನೀರುನಾಯಿಗಳ ಭುಜಕ್ಕೆ ಬೆಲ್ಟಿನಿಂದ ಕಟ್ಟಿದ ಟ್ಯಾಗ್ ಹತ್ತಿರ ಬಂದರೆ ಅದರ ಸಂಖ್ಯೆ, ತಾರೀಖು, ಗಂಟೆ ಬರೆದಿಟ್ಟುಕೊಳ್ಳುವುದು ಅವುಗಳ ಕೆಲಸ. ವರ್ಷಕ್ಕೊಮ್ಮೆ ಏಳರ ಬಳಿಗೂ ಹೋಗಿ ಬ್ಯಾಟರಿ ಬದಲಿಸಿ, ಆಂಟೆನಾ ಕೇಬಲ್ ಪರೀಕ್ಷಿಸಿ, ಒಳಗೆ ಗೂಡು ಕಟ್ಟಿದ ಇರುವೆಗಳನ್ನು ಖಾಲಿ ಮಾಡಿಸಿ ಬರುವುದು ಚಿಕ್ಕಪ್ಪನ ಕೆಲಸ. ದಾಖಲೆಗಳನ್ನು ಇಳಿಸಿಕೊಳ್ಳುವುದು, ರಿಸೀವರ್‌ಗಳ ಸಾಫ್ಟ್‌ವೇರ್ ಸರಿಪಡಿಸುವುದು ಪುಟ್ಟಿಯದು. ಅರಣ್ಯ ಇಲಾಖೆಗಾಗಿ ಚಿಕ್ಕಪ್ಪ ಇಪ್ಪತ್ತೆರಡು ವರ್ಷಗಳಿಂದ ಇದನ್ನು ಮಾಡುತ್ತಿದ್ದಾರೆ. ಪುಟ್ಟಿ ಸೇರಿಕೊಂಡು ಆರು ವರ್ಷ.

"ಹಳೇ ಲ್ಯಾಪ್‌ಟಾಪ್?"

"ಅಜ್ಜಿ ಎದ್ದಿದ್ದಾಳೆ. ಏಳೋಕೆ ನಾಲ್ಕು ನಿಮಿಷ ತಗೊಂಡ್ಲು."

"ಬ್ಯಾಟರಿ?"

"ನಲವತ್ತು ನಿಮಿಷ ಬರುತ್ತೆ. ಜೀಪಿನಿಂದ ಚಾರ್ಜ್ ಮಾಡೋ ವಯರ್ ಜೊತೆಗೇ ಕಟ್ಟಿದೀನಿ."

ಮೂರನೆಯ ಮತ್ತು ಆರನೆಯ ರಿಸೀವರ್‌ಗಳು ಹಳೆಯ ಕಾಲದವು. ಅವು ಹಳೆಯ ಸಾಫ್ಟ್‌ವೇರ್ ಜೊತೆ ಮಾತ್ರ ಮಾತಾಡುತ್ತವೆ, ಆ ಸಾಫ್ಟ್‌ವೇರ್ ಅಜ್ಜಿಯಲ್ಲಿ, ಅಂದರೆ ಈ ಹಳೆಯ ಯಂತ್ರದಲ್ಲಿ, ಮಾತ್ರ ಓಡುತ್ತದೆ. ಹೊಸ ಲ್ಯಾಪ್‌ಟಾಪನ್ನು ಅವುಗಳಿಗೆ ಜೋಡಿಸಿದರೆ "ಈ ಮೆಮೊರಿಯನ್ನು ಹೊಸದಾಗಿ ಸಿದ್ಧಪಡಿಸಲೇ?" ಎಂದು ವಿನಯದಿಂದ ಕೇಳುತ್ತದೆ. ಹೂಂ ಅಂದರೆ ಒಂದು ವರ್ಷದ ದಾಖಲೆ ಹೋದಂತೆಯೇ. ಆದ್ದರಿಂದ ಹೊಸದರ ಮುಚ್ಚಳದ ಮೇಲೆ "3, 6: ಮುಟ್ಟಬೇಡ" ಎಂದು ಬರೆದ ಕೆಂಪು ಟೇಪು ಅಂಟಿತ್ತು.

ಬಾಗಿಲಲ್ಲಿ ನಿಂತಿದ್ದ ಡ್ರೈವರ್ ತುಂಬಿದ ಕ್ರೇಟುಗಳನ್ನು ಎಣಿಸಿದ. "ಯಜಮಾನ್ರೇ, ಈ ಪಟ್ಟೀಲಿ ನನ್ನ ಹೆಸರು ಇದ್ಯಾ? ಮರ್ತು ಬಿಟ್ಟು ಹೋಗ್ಬಿಟ್ಟೀರ."

"ಇದೆ. ಜಾಕಿ, ಸ್ಟೆಪ್ನಿ ಆದ್ಮೇಲೆ."

"ಸ್ಥಿತಿ ಏನಂತ ಬರ್ದಿದೀರ?"

"ಶಬ್ದ ಜಾಸ್ತಿ ಅಂತ."

ಪುಟ್ಟಿ ನಗಲಿಲ್ಲ. ಅವಳ ಗಮನ ಅರ್ಧ ಫೋನಿನ ಮೇಲಿತ್ತು. ಇಲಾಖೆಯ ವಾರ್ಷಿಕ ವರದಿ ಅಂದು ಸಂಜೆ ನಾಲ್ಕಕ್ಕೆ ಮುದ್ರಣಕ್ಕೆ ಹೋಗುವುದಿತ್ತು. ಮೂವತ್ತೆರಡನೆಯ ಪುಟ ಅವಳದು. ಒಂದು ನಕ್ಷೆ, ಕೆಳಗೆ ಮುನ್ನೂರು ಪದಗಳ ಬರಹ, ಅದರ ಕೆಳಗೆ ಅವಳ ಹೆಸರು. ಆರು ವರ್ಷಗಳಲ್ಲಿ ಅವಳ ಹೆಸರು ಅಚ್ಚಾಗುತ್ತಿರುವುದು ಇದೇ ಮೊದಲು. ನಕ್ಷೆಯಲ್ಲಿ ಒಂದು ಕೆಂಪು ಗೆರೆ ಪಡುವಣ ಹೊಳೆಯ ಕೆಳಗಿನಿಂದ ಹೊರಟು ಮೇಲೇರಿ, ಗುಡ್ಡ ದಾಟಿ, ಮೂಡಣ ಹೊಳೆಗೆ ಇಳಿದಿತ್ತು. ಅದು ಟ್ಯಾಗ್ ಸಂಖ್ಯೆ ನಲವತ್ತೊಂದರ ದಾರಿ. ಈ ಎರಡು ಹೊಳೆಗಳ ನೀರುನಾಯಿಗಳು ಒಂದನ್ನೊಂದು ಕಂಡೇ ಇಲ್ಲ, ನಡುವಿನ ಗುಡ್ಡವನ್ನು ಅವು ಹತ್ತುವುದಿಲ್ಲ ಎಂದು ಇಷ್ಟು ದಿನ ಎಲ್ಲರೂ ನಂಬಿದ್ದರು. ನಲವತ್ತೊಂದು ಹತ್ತಿತ್ತು. ಗುಡ್ಡದ ಮೇಲಿನ ರಸ್ತೆಯನ್ನು ಅಗಲ ಮಾಡುವ ಯೋಜನೆಯೊಂದಿದೆ. ಮುಂದಿನ ತಿಂಗಳು ಅದರ ಸಮಿತಿ ಸೇರಲಿದೆ. ರಸ್ತೆಯ ಕೆಳಗೆ ಪ್ರಾಣಿಗಳು ದಾಟಲು ಮೂರು ಮೋರಿಗಳು ಬೇಕು ಎಂಬ ಇಲಾಖೆಯ ಶಿಫಾರಸಿಗೆ ಈ ಪುಟವೇ ಆಧಾರ.

ಹತ್ತೂವರೆಗೆ ಪಟ್ಟಿ ಮುಗಿಯಿತು. ಇನ್ನು ಅಂಗಳದ ಪರೀಕ್ಷೆ.

ಈ ಪದ್ಧತಿ ಶುರುವಾಗಿದ್ದು ಚಿಕ್ಕಮ್ಮನಿಂದ. ಹದಿನಾಲ್ಕು ವರ್ಷಗಳ ಹಿಂದೆ ಚಿಕ್ಕಪ್ಪ ಎರಡು ದಿನ ಪ್ರಯಾಣ ಮಾಡಿ, ಕಂಬ ಹತ್ತಿ ನೋಡಿದರೆ ರಿಸೀವರ್ ಮುಚ್ಚಳ ತೆಗೆಯುವ ಕಿರುಬೆರಳುದ್ದದ ಆರುಮೂಲೆ ಕೀಲಿ ಮನೆಯ ಮೇಜಿನ ಮೇಲೆ ಉಳಿದಿತ್ತು. ಬರಿಗೈಯಲ್ಲಿ ವಾಪಸು ಬಂದವರಿಗೆ ಚಿಕ್ಕಮ್ಮ, "ಅಂಗಳದಲ್ಲಿ ಆಗದೇ ಇದ್ದಿದ್ದು ಕಾಡಲ್ಲಿ ಆಗುತ್ತೇನ್ರೀ?" ಎಂದು ಕೇಳಿದ್ದರು. ಅಂದಿನಿಂದ ಪ್ರತಿ ಸುತ್ತಿಗೂ ಮುನ್ನ ಕ್ರೇಟುಗಳೆಲ್ಲ ಅಂಗಳಕ್ಕೆ ಬರುತ್ತವೆ. ಸಾಮಾನಿನ ಕೋಣೆಗೆ ಬೀಗ ಬೀಳುತ್ತದೆ. ಫೋನುಗಳು ಒಂದು ತಟ್ಟೆಗೆ ಹೋಗುತ್ತವೆ, ಏಕೆಂದರೆ ಅಲ್ಲಿ ಸಿಗ್ನಲ್ ಇರುವುದಿಲ್ಲ. ಬೀಗದ ಕೈ, ತಟ್ಟೆ ಎರಡೂ ಚಿಕ್ಕಮ್ಮನ ವಶ. ಕ್ರೇಟಿನಲ್ಲಿ ಇರುವುದರಿಂದಲೇ ಒಂದು ಪೂರ್ತಿ ರಿಸೀವರನ್ನು ಅಂಗಳದಲ್ಲಿ ನಿಲ್ಲಿಸಿ, ಓಡಿಸಿ, ದಾಖಲೆ ಇಳಿಸಿ ತೋರಿಸಬೇಕು. ಏನಾದರೂ ಸಿಗದಿದ್ದರೆ ಬರೆದುಕೊಳ್ಳಬೇಕು. ಮುಗಿಯುವ ತನಕ ಕೋಣೆಗೆ ಕಾಲಿಡುವಂತಿಲ್ಲ.

ಚಿಕ್ಕಮ್ಮ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದರು. ಬಟ್ಟೆ ಹೊಲಿಯುವುದು ಅವರ ಕಸುಬು. ಆಂಟೆನಾಗಳ ಕ್ಯಾನ್ವಾಸ್ ಚೀಲಗಳೂ ಅವರದೇ ಹೊಲಿಗೆ.

"ಒಂದ್ಸಲ ಬೀಗ ಹಾಕಿದ್ ಮೇಲೆ ಆಯ್ತು. ಆಮೇಲೆ ಕನ್ನಡಕ ಒಳಗಿದೆ, ನಶ್ಯ ಒಳಗಿದೆ ಅಂತ ಬರ್ಬೇಡಿ," ಎಂದರು ಗಂಡನಿಗೆ.

"ಕನ್ನಡಕ ಮೂಗಿನ ಮೇಲಿದೆ."

"ನಶ್ಯ?"

ಚಿಕ್ಕಪ್ಪ ಕಿಸೆ ಮುಟ್ಟಿ ನೋಡಿಕೊಂಡರು. ಡ್ರೈವರ್ ಬೇರೆ ಕಡೆ ತಿರುಗಿ ಕೆಮ್ಮಿದ.

ಇಪ್ಪತ್ತು ನಿಮಿಷದಲ್ಲಿ ಕಂಬ ನಿಂತಿತು. ಆಂಟೆನಾ ಏರಿತು. ಚಿಕ್ಕಪ್ಪ ಕನೆಕ್ಟರುಗಳಿಗೆ ರಬ್ಬರ್ ಟೇಪು ಸುತ್ತಿದರು. ಅಂಗಳಕ್ಕೆ ಅದು ಬೇಡ, ಆದರೂ ಟೇಪಿನ ಅಂಟು ಒಣಗಿದೆಯೋ ಇಲ್ಲವೋ ತಿಳಿಯಬೇಕಲ್ಲ. ಪುಟ್ಟಿ ಹೊಸ ಲ್ಯಾಪ್‌ಟಾಪ್ ಜೋಡಿಸಿದಳು. ಪರೀಕ್ಷೆಗೆಂದೇ ಸೊನ್ನೆ ಸೊನ್ನೆ ಸಂಖ್ಯೆಯ ಒಂದು ಟ್ಯಾಗ್ ಇದೆ. ಅದನ್ನು ಡ್ರೈವರ್ ಕೈಗೆ ಕೊಟ್ಟು ಗೇಟಿನವರೆಗೆ ನಡೆದು ಬರಲು ಹೇಳಿದಳು. ಪರದೆಯ ಮೇಲೆ ಸಾಲುಗಳು ಮೂಡತೊಡಗಿದವು.

00. 00. 00. 41. 00. 41.

ಪುಟ್ಟಿ ಪರದೆಯನ್ನು ಬಿಸಿಲಿನಿಂದ ಓರೆ ಮಾಡಿ ಮತ್ತೆ ನೋಡಿದಳು.

"ಚಿಕ್ಕಪ್ಪ, ಇಲ್ಲಿ ಬನ್ನಿ."

"ಏನು, ಕೇಬಲ್ ಸಡಿಲವಾ?"

"ನಲವತ್ತೊಂದು ಕೇಳ್ತಿದೆ."

ಚಿಕ್ಕಪ್ಪ ಬಂದು ಬಗ್ಗಿ ನೋಡಿದರು. "ಗದ್ದಲ ಇರ್ಬೇಕು. ಪಕ್ಕದ ಬೀದೀಲಿ ವೆಲ್ಡಿಂಗ್ ನಡೀತಿದೆ."

"ಗದ್ದಲ ಆದ್ರೆ ಒಂದೊಂದ್ಸಲ ಒಂದೊಂದು ಸಂಖ್ಯೆ ಬರ್ಬೇಕು. ಇದು ಐದು ಸೆಕೆಂಡಿಗೊಂದ್ಸಲ, ಅದೇ ಸಂಖ್ಯೆ."

"ಹೊಳೆ ಇಲ್ಲಿಂದ ನೂರ ಎಂಬತ್ತು ಕಿಲೋಮೀಟರ್ ಪುಟ್ಟಿ."

ಗೇಟಿನ ಬಳಿಯಿಂದ ಡ್ರೈವರ್ ಕೂಗಿದ: "ಗುಡ್ಡಾನೇ ದಾಟಿದ್ ಪ್ರಾಣಿ ಮೇಡಂ, ಬಸ್ ಹತ್ಕೊಂಡ್ ಬಂದಿರ್ಬೇಕು!"

ಯಾರೂ ನಗಲಿಲ್ಲ. ಪುಟ್ಟಿ ಸೊನ್ನೆ ಸೊನ್ನೆ ಟ್ಯಾಗನ್ನು ತೆಗೆದುಕೊಂಡು ಆಫ್ ಮಾಡಿದಳು. ನಲವತ್ತೊಂದು ಬರುತ್ತಲೇ ಇತ್ತು. ಸಂಕೇತ ಬಲವಾಗಿತ್ತು, ಹತ್ತಿಪ್ಪತ್ತು ಅಡಿಯೊಳಗಿನದು. ಅಂಗಳದಲ್ಲಿ ಕಂಬ, ಜೀಪು, ತುಳಿದು ಗಟ್ಟಿಯಾದ ಮಣ್ಣು, ಒಂಬತ್ತು ಕ್ರೇಟು ಬಿಟ್ಟರೆ ಬೇರೇನೂ ಇರಲಿಲ್ಲ.

"ಒಂದೊಂದೇ ಕ್ರೇಟು ಎತ್ತಿ ರಸ್ತೆಯ ಆ ತುದಿಗೆ ತಗೊಂಡ್ ಹೋಗು," ಎಂದು ಡ್ರೈವರಿಗೆ ಹೇಳಿದಳು. "ನಾನು ಹೇಳೋ ತನಕ ವಾಪಸು ತರ್ಬೇಡ."

ಒಂದನೆಯದು ಹೋಯಿತು. ಸಂಕೇತ ಹಾಗೆಯೇ ಇತ್ತು. ಎರಡನೆಯದು, ಮೂರನೆಯದು. ನಾಲ್ಕನೆಯ ಕ್ರೇಟು ಹೊತ್ತು ಡ್ರೈವರ್ ಗೇಟು ದಾಟುತ್ತಿದ್ದಂತೆ ಸಂಕೇತ ಇಳಿಯತೊಡಗಿತು. ರಸ್ತೆಯ ತುದಿ ಮುಟ್ಟುವಾಗ ತೀರಾ ಕ್ಷೀಣವಾಗಿತ್ತು.

ನಾಲ್ಕನೆಯದು ಬಿಡಿಭಾಗಗಳ ಕ್ರೇಟು. ಅದನ್ನು ಅಂಗಳದ ಮಧ್ಯೆ ತಂದು ಚಾಪೆಯ ಮೇಲೆ ಸುರಿದರು. ಫ್ಯೂಸುಗಳು, ತೇವ ಹೀರುವ ಪುಡಿಯ ಪೊಟ್ಟಣಗಳು, ಕೇಬಲ್ ಕಟ್ಟುವ ಪಟ್ಟಿಗಳು, ಬಳಸಿದ ತಿರುಪುಗಳನ್ನು ಇಡುವ ಪ್ಲಾಸ್ಟಿಕ್ ಡಬ್ಬಿ. ಪುಟ್ಟಿ ಡಬ್ಬಿಯ ಮುಚ್ಚಳ ತೆಗೆದಳು. ತಿರುಪು, ನಟ್ಟು, ವಾಷರುಗಳ ನಡುವೆ ಹೆಬ್ಬೆರಳಿನ ಗಾತ್ರದ ಬೂದು ಬಣ್ಣದ ತುಂಡೊಂದಿತ್ತು. ಹರಿದ ಬೆಲ್ಟಿನ ಚೂರು, ಅದಕ್ಕೊಂದು ಹಿತ್ತಾಳೆ ಬಕಲು. ಸಂಖ್ಯೆ ಕೊರೆದಿದ್ದ ಜಾಗ ಕಲ್ಲಿಗೆ ಉಜ್ಜಿ ಸವೆದಿತ್ತು.

ಚಿಕ್ಕಪ್ಪ ಅದನ್ನು ನೋಡಿ ಕ್ರೇಟಿನ ಅಂಚಿನ ಮೇಲೆ ಕುಳಿತರು.

"ದೋಣಿಯವ್ನು ಕೊಟ್ಟಿದ್ದು," ಎಂದರು.

"ಯಾವಾಗ?"

"ಹೋದ ಸುತ್ತಲ್ಲಿ. ಒಂದನೇ ರಿಸೀವರ್ ಹತ್ರ. ಕೆಸರಲ್ಲಿ ಸಿಕ್ತು, ನಿಮ್ದೇ ಇರ್ಬೇಕು ಅಂತ ಕೊಟ್ಟ. ಸಂಖ್ಯೆ ಇಲ್ಲ, ದೀಪ ಇಲ್ಲ. ಸತ್ತಿದೆ ಅಂದ್ಕೊಂಡೆ. ಬಕಲು ಚೆನ್ನಾಗಿತ್ತು, ಬೇಕಾಗುತ್ತೆ ಅಂತ ಡಬ್ಬಿಗೆ ಹಾಕ್ದೆ."

"ಪುಸ್ತಕದಲ್ಲಿ ಬರೆದ್ರಾ?"

ಚಿಕ್ಕಪ್ಪ ಆ ತುಂಡನ್ನು ಡಬ್ಬಿಯಿಂದ ಎತ್ತಿ ಚಾಪೆಯ ಮೇಲಿಟ್ಟರು. ಕ್ರೇಟಿನೊಳಗೆ ಹೋಗುವ ಪ್ರತಿಯೊಂದನ್ನೂ, ಅದು ಒಂದು ಫ್ಯೂಸಾದರೂ ಸರಿ, ಪುಸ್ತಕದಲ್ಲಿ ಬರೆಯಬೇಕು ಎಂಬುದು ಅವರದೇ ನಿಯಮ. ಅದನ್ನು ಮರೆತ ಒಬ್ಬ ಸಹಾಯಕನನ್ನು ಅವರು ಹಿಂದೊಮ್ಮೆ ಕೆಲಸದಿಂದಲೇ ಬಿಡಿಸಿದ್ದರು.

"ಗುಜರಿ ಅಂದ್ಕೊಂಡೆ," ಎಂದರು ಕೊನೆಗೆ. "ಗುಜರೀನ ಯಾರಾದ್ರೂ ಬರೀತಾರಾ?"

ಈ ಟ್ಯಾಗುಗಳು ಬ್ಯಾಟರಿ ಉಳಿಸಲು ಮಲಗುತ್ತವೆ. ಇಪ್ಪತ್ತು ಗಂಟೆ ಅಲುಗಾಡದಿದ್ದರೆ ಮೌನ. ಮತ್ತೆ ಅಲುಗಾಡಿಸಿದರೆ ಏಳುತ್ತವೆ. ನೀರುನಾಯಿಯ ಭುಜದಿಂದ ಕಳಚಿಬಿದ್ದು ಕೆಸರಿನಲ್ಲಿ ಮಲಗಿದ್ದ ನಲವತ್ತೊಂದನ್ನು ದೋಣಿಯವನ ಕೈ ಎಬ್ಬಿಸಿತ್ತು. ಆಮೇಲೆ ಜೀಪಿನ ಕುಲುಕಾಟ ಅದನ್ನು ಮಲಗಲು ಬಿಟ್ಟಿರಲಿಲ್ಲ. ಸುತ್ತು ಮುಗಿಸಿ ಬಂದು ಕಪಾಟು ಸೇರಿದ ಮೇಲೆ ಒಂದು ವರ್ಷ ಸುಮ್ಮನಿತ್ತು. ಇವತ್ತು ಬೆಳಗ್ಗೆ ಪುಟ್ಟಿಯೇ ಡಬ್ಬಿಯನ್ನು ಎತ್ತಿ, "ಮುಚ್ಚಳ ಬಿಗಿಯಾಗಿದೆ" ಎಂದು ಸ್ಥಿತಿ ಹೇಳಿ, ಕ್ರೇಟಿಗೆ ಹಾಕಿದ್ದಳು.

ಇಷ್ಟೂ ಅವಳಿಗೆ ಎರಡು ನಿಮಿಷದಲ್ಲಿ ಹೊಳೆಯಿತು. ಅದರ ಮುಂದಿನದು ಹೊಳೆಯುವುದು ಬೇಡವಾಗಿತ್ತು.

"ಹೋದ ಸುತ್ತಿನ ದಿನಚರಿ ಎಲ್ಲಿದೆ?"

"ಕೋಣೇಲಿ. ಕಪಾಟಿನ ಎರಡನೇ ಖಾನೆ."

ಪುಟ್ಟಿ ಮುಂದಿನ ಕೋಣೆಗೆ ಹೋದಳು. "ಚಿಕ್ಕಮ್ಮ, ಬೀಗದ ಕೈ ಕೊಡಿ."

"ಪರೀಕ್ಷೆ ಮುಗೀತಾ?"

"ಇಲ್ಲ."

"ಮತ್ತೆ?"

"ನನ್ನ ಪುಟ ತಪ್ಪಾಗಿದೆ ಅನ್ಸುತ್ತೆ."

ಚಿಕ್ಕಮ್ಮ ಅವಳ ಮುಖ ನೋಡಿದರು. ಹದಿನಾಲ್ಕು ವರ್ಷಗಳಲ್ಲಿ ಮೊದಲ ಸಲ ಪರೀಕ್ಷೆಯ ನಡುವೆ ಬೀಗದ ಕೈ ಕೊಟ್ಟರು. ಕೇಳದೆಯೇ ಫೋನನ್ನೂ ಕೊಟ್ಟರು.

ದಿನಚರಿ ಮತ್ತು ನಕ್ಷೆಯ ದತ್ತಾಂಶ, ಎರಡನ್ನೂ ಪುಟ್ಟಿ ಜೀಪಿನ ಬಾನೆಟ್ ಮೇಲೆ ಹರಡಿದಳು. ಚಿಕ್ಕಪ್ಪ ದಿನಚರಿ ಓದಿದರು, ಅವಳು ದತ್ತಾಂಶದಲ್ಲಿ ಬೆರಳಿಟ್ಟಳು. ಬೆಳಗಿನ ಪಟ್ಟಿಯ ಹಾಗೆಯೇ.

"ಮೂರನೇ ತಾರೀಖು, ಒಂದನೇ ರಿಸೀವರ್."

"ಮೂರು. ನಲವತ್ತೊಂದು ಇದೆ."

"ನಾಲ್ಕು, ಎರಡನೇದು."

"ಇದೆ."

"ಐದು, ಮೂರನೇದು."

"ಇದೆ."

"ಆರು, ನಾಲ್ಕನೇದು. ಏಳನೇ ತಾರೀಖೂ ಅಲ್ಲೇ. ಜೀಪಿನ ಆಕ್ಸಲ್ ಮುರಿದಿತ್ತಲ್ಲ."

ನಾಲ್ಕನೆಯ ರಿಸೀವರಿನಲ್ಲಿ ನಲವತ್ತೊಂದು ಎರಡು ದಿನ ದಾಖಲಾಗಿತ್ತು. ಗುಡ್ಡ ಹತ್ತುವ ಮುನ್ನ ಪ್ರಾಣಿ ಇಲ್ಲಿ ತಂಗಿ ದಣಿವಾರಿಸಿಕೊಂಡಿದೆ ಎಂದು ಪುಟ್ಟಿ ವರದಿಯಲ್ಲಿ ಬರೆದಿದ್ದಳು.

"ಎಂಟು, ಗುಡ್ಡದ ರಸ್ತೆ. ಒಂಬತ್ತು, ಐದನೇದು."

"ಇದೆ."

"ಹತ್ತು, ಆರನೇದು."

"ಇಲ್ಲ," ಎಂದಳು ಪುಟ್ಟಿ. ಅವಳ ದನಿಯಲ್ಲಿ ಒಂದು ಎಳೆ ಆಸೆ ಇತ್ತು. "ಆರನೇದ್ರಲ್ಲಿ ಇಲ್ಲ ಚಿಕ್ಕಪ್ಪ."

ಡ್ರೈವರ್ ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡ.

"ಹೇಳಪ್ಪ," ಎಂದರು ಚಿಕ್ಕಪ್ಪ.

"ಆರನೇದಕ್ಕೆ ತೂಗುಸೇತುವೆ ಅಲ್ವಾ ಮೇಡಂ. ಜೀಪು ಎರಡು ಕಿಲೋಮೀಟರ್ ಹಿಂದೇನೇ ನಿಲ್ಸಿದ್ದೆ. ಕ್ರೇಟೆಲ್ಲ ಜೀಪಲ್ಲೇ ಇತ್ತು. ನೀವಿಬ್ರೂ ಅಜ್ಜೀನ ಹೆಗಲಿಗೆ ಹಾಕ್ಕೊಂಡು ನಡ್ಕೊಂಡ್ ಹೋದ್ರಿ."

ಪುಟ್ಟಿ ದತ್ತಾಂಶದ ಹಾಳೆಯನ್ನು ಮಡಚಿದಳು. ಏಳನೆಯದನ್ನು ನೋಡುವ ಅಗತ್ಯವಿರಲಿಲ್ಲ. ಚಿಕ್ಕಪ್ಪ ಮಾತ್ರ ಬಿಡಲಿಲ್ಲ. "ಹನ್ನೊಂದು, ಏಳನೇದು" ಎಂದು ಓದಿ, ಅವಳು ಹಾಳೆ ಬಿಚ್ಚಿ "ಇದೆ" ಎನ್ನುವವರೆಗೂ ಕಾದರು.

ಗುಡ್ಡ ದಾಟಿದ್ದು ನೀರುನಾಯಿಯಲ್ಲ, ಜೀಪಿನ ಹಿಂಬದಿಯ ನಾಲ್ಕನೆಯ ಕ್ರೇಟು.

"ಚೆನ್ನಾಗಿದೆ," ಎಂದರು ಹೊಸ್ತಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಚಿಕ್ಕಮ್ಮ. "ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ್ರಂತೆ. ನೀವು ಅದಕ್ಕೆ ನಕ್ಷೇನೂ ಬರೆದ್ರಿ."

"ನೀನು ಸುಮ್ನಿರು."

"ನಾನ್ಯಾಕೆ ಸುಮ್ನಿರ್ಲಿ? ಒಂದು ಸೂಜಿ ಕೊಟ್ರೂ ಬರ್ಕೊಂಡ್ಯಾ ಅಂತ ನನ್ನ ಕೇಳೋರು ನೀವು. ಹೇಳೋದು ಶಾಸ್ತ್ರ, ಹಾಕೋದು ಗಾಳ."

ಪುಟ್ಟಿ ಚಿಕ್ಕಪ್ಪನ ಕಡೆ ತಿರುಗಿದಳು. "ಒಂದು ಸಾಲು ಚಿಕ್ಕಪ್ಪ. 'ದೋಣಿಯವನಿಂದ ಹಳೆ ಟ್ಯಾಗ್' ಅಂತ ಒಂದೇ ಒಂದು ಸಾಲು ಬರೆದಿದ್ರೆ ನಾನು ನೋಡ್ತಿದ್ದೆ."

"ಹೌದು," ಎಂದರು ಚಿಕ್ಕಪ್ಪ. "ಸರ್ವಿಸ್ ಗಂಟೆ ಎಸೆಯೋ ನಿಯಮ ತೆಗೀಬೇಡ ಅಂತ ನಾನು ಹೇಳಿದ್ದೂ ಒಂದು ಸಾಲೇ."

ಅದು ಅವಳಿಗೆ ತಾಗಿತು. ಮೊದಲೆಲ್ಲ ರಿಸೀವರಿನ ಬಳಿಗೆ ಸರ್ವಿಸ್‌ಗೆ ಹೋದ ದಿನ, ಕೆಲಸ ನಡೆದ ಗಂಟೆಗಳ ದಾಖಲೆಯನ್ನೆಲ್ಲ ಸಾಫ್ಟ್‌ವೇರ್ ಎಸೆದುಬಿಡುತ್ತಿತ್ತು. ನಿಜವಾದ ಪ್ರಾಣಿಗಳೂ ಅದರಲ್ಲಿ ಹೋಗುತ್ತವೆ, ಇದು ನಷ್ಟ ಎಂದು ಪುಟ್ಟಿ ವಾದಿಸಿದ್ದಳು. ಪರೀಕ್ಷೆಯ ಸೊನ್ನೆ ಸೊನ್ನೆಯನ್ನು ಮಾತ್ರ ತೆಗೆದರೆ ಸಾಕು ಎಂದು ಸಾಫ್ಟ್‌ವೇರ್ ಬದಲಿಸಿದ್ದಳು. ಹಳೆಯ ಪದ್ಧತಿಗೆ ಏನೋ ಒಂದು ಕಾರಣ ಇರುತ್ತದೆ ಎಂದು ಚಿಕ್ಕಪ್ಪ ಒಂದು ತಿಂಗಳು ಗೊಣಗಿ, ಕೊನೆಗೆ ಒಪ್ಪಿದ್ದರು. ಸುತ್ತಿನ ದಿನದ ಆ ಗಂಟೆಗಳು ರಿಸೀವರಿನಲ್ಲೇ ಉಳಿದು, ಆರು ತಿಂಗಳ ಮೇಲೆ ಇಲಾಖೆಯವರು ಅಜ್ಜಿಯನ್ನೂ ಒಯ್ದು ಮಧ್ಯಂತರ ದಾಖಲೆ ಇಳಿಸಿದಾಗ ಅವಳ ಕೈಗೆ ಬಂದಿದ್ದವು. ಅಷ್ಟರಲ್ಲಿ ಸುತ್ತಿನ ತಾರೀಖುಗಳು ಯಾರ ತಲೆಯಲ್ಲೂ ಇರಲಿಲ್ಲ.

ಗಂಟೆ ಒಂದಾಗಿತ್ತು. ಚಿಕ್ಕಮ್ಮ ಊಟಕ್ಕೆ ಕರೆದರು. ಯಾರೂ ಏಳಲಿಲ್ಲ.

"ಒಂದ್ ಮಾತು ಹೇಳ್ಲಾ ಮೇಡಂ?" ಡ್ರೈವರ್ ತಲೆ ಕೆರೆದುಕೊಂಡ. "ತಪ್ಪು ತಿಳ್ಕೋಬೇಡಿ. ನಾವು ನಾಲ್ಕು ಜನ ಬಿಟ್ರೆ ಇದು ಯಾರಿಗೂ ಗೊತ್ತಿಲ್ಲ. ಆ ರಸ್ತೇಲಿ ವರ್ಷಕ್ಕೆ ಎಷ್ಟು ಪ್ರಾಣಿ ಚಕ್ರಕ್ಕೆ ಸಿಗ್ತವೆ, ನಾನೇ ನೋಡಿದೀನಿ. ಮೋರಿ ಮಾಡಿದ್ರೆ ಯಾರಿಗೇನು ಲುಕ್ಸಾನು? ನೀರುನಾಯಿ ದಾಟ್ದೇ ಇದ್ರೆ ಮುಳ್ಳಹಂದಿ ದಾಟುತ್ತೆ."

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅದೇ ಕಷ್ಟವಾಗಿತ್ತು. ಪುಟ್ಟಿ ಫೋನಿನಲ್ಲಿ ಮೂವತ್ತೆರಡನೆಯ ಪುಟ ತೆರೆದಳು. ಗೆರೆ ಚೆಂದವಾಗಿತ್ತು. ಹೆಸರಿನ ಅಕ್ಷರಗಳು ಬರಹದ ಅಕ್ಷರಗಳಿಗಿಂತ ಸ್ವಲ್ಪ ದಪ್ಪ. ಅಪ್ಪನಿಗೆ ಎರಡು ಪ್ರತಿ ಬೇಕೆಂದು ಆಗಲೇ ಇಲಾಖೆಗೆ ಹೇಳಿಟ್ಟಿದ್ದಳು. ಪುಟವನ್ನು ಒಮ್ಮೆ ಮೇಲಿನಿಂದ ಕೆಳಗೆ ಓದಿದಳು. "ಈ ಪ್ರಾಣಿ ಹಗಲಿನಲ್ಲಿ, ದಿನಕ್ಕೊಂದು ರಿಸೀವರಿನಂತೆ, ಅಚ್ಚರಿ ಹುಟ್ಟಿಸುವ ಶಿಸ್ತಿನಿಂದ ಸಾಗಿದೆ." ಅವಳೇ ಬರೆದ ವಾಕ್ಯ. ಅಚ್ಚರಿ ಹುಟ್ಟಿದಾಗಲೇ ದಿನಚರಿ ತೆಗೆದು ನೋಡಬೇಕಿತ್ತು.

"ನಾನೇ ಫೋನ್ ಮಾಡ್ತೀನಿ," ಎಂದರು ಚಿಕ್ಕಪ್ಪ. "ಡಬ್ಬಿಗೆ ಹಾಕಿದ್ದು ನಾನು."

"ಬೇಡ. ಪುಟದ ಕೆಳಗಿರೋದು ನನ್ನ ಹೆಸರು."

ಇಲಾಖೆಯ ಹಿರಿಯ ವಿಜ್ಞಾನಿ, ಎಲ್ಲರೂ ಡಾಕ್ಟರಮ್ಮ ಎನ್ನುವವರು, ನಾಲ್ಕನೆಯ ರಿಂಗಿಗೆ ಫೋನ್ ಎತ್ತಿದರು. ಪುಟ್ಟಿ ಸುದ್ದಿ ಹೇಳುವವರ ಹಾಗೆ ಹೇಳಿದಳು. ಏನು ಸಿಕ್ಕಿತು, ಎಲ್ಲಿ ಸಿಕ್ಕಿತು, ತಾರೀಖುಗಳು ಹೇಗೆ ಹೊಂದುತ್ತವೆ. ಕ್ಷಮಿಸಿ ಎಂಬ ಮಾತನ್ನು ಕೊನೆಗೆ ಇಟ್ಟುಕೊಂಡಿದ್ದಳು. ಅಲ್ಲಿಗೆ ಮುಟ್ಟುವ ಮೊದಲೇ ಆ ಕಡೆಯಿಂದ ನಿಟ್ಟುಸಿರು ಕೇಳಿತು.

"ಇದು ಖಚಿತಾನಾ?"

"ಆರಕ್ಕೆ ಆರೂ ಹೊಂದುತ್ತೆ ಡಾಕ್ಟ್ರೇ. ಹೊಂದದೇ ಇರೋ ಒಂದಕ್ಕೂ ಕಾರಣ ಇದೆ."

"ನೋಡು, ಗುಡ್ಡದ ಮೇಲೆ ಹೆಜ್ಜೆ ಗುರುತು ಕಂಡಿದೀನಿ ಅಂತ ಒಬ್ಬ ಕಾವಲುಗಾರ ಹೇಳ್ತಾನೆ. ದಾಟಿಲ್ಲ ಅಂತ ಯಾರೂ ಸಾಬೀತು ಮಾಡಿಲ್ಲ. 'ದಾಟಿದೆ' ಅನ್ನೋ ಕಡೆ 'ದಾಟಿರುವ ಸಾಧ್ಯತೆ ಇದೆ' ಅಂತ ಬದಲಾಯಿಸಿದ್ರೆ? ನಕ್ಷೆ ಹಾಗೇ ಇರ್ಲಿ. ಶಿಫಾರಸು ಉಳಿಯುತ್ತೆ."

ಪುಟ್ಟಿ ಚಾಪೆಯ ಮೇಲಿದ್ದ ಬೂದು ತುಂಡಿನ ಕಡೆ ನೋಡಿದಳು. ಚಿಕ್ಕಪ್ಪ ಅವಳ ಕಡೆ ನೋಡುತ್ತಿರಲಿಲ್ಲ. ತಿರುಪುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕುತ್ತಿದ್ದರು.

"ಕಾವಲುಗಾರ ಹೇಳಿದ್ದನ್ನ ಕಾವಲುಗಾರ ಹೇಳಿದ ಅಂತ ಹಾಕಿ ಡಾಕ್ಟ್ರೇ. ಮೋರಿ ಬೇಕು ಅಂತ ನಂಗೂ ಅನ್ಸುತ್ತೆ. ಆದ್ರೆ ಗೆರೆ ಹಾಗೇ ಬಿಟ್ರೆ, ಅದು ನಮ್ಮ ಜೀಪಿನ ಗೆರೆ. ಸಮಿತೀಲಿ ಯಾರಾದ್ರೂ ತಾರೀಖು ಕೇಳಿದ್ರೆ ಉಳಿದ ಮೂವತ್ತೊಂದು ಪುಟಾನೂ ಯಾರೂ ನಂಬಲ್ಲ."

ಆ ಕಡೆಯಿಂದ ಕಾಗದ ಸರಿಸಿದ ಸದ್ದು.

"ಮೋರಿ ಮಾತು ಈ ವರ್ಷ ಬಿದ್ದು ಹೋಗುತ್ತೆ, ಗೊತ್ತಲ್ವಾ?"

"ಗೊತ್ತು."

"ಸರಿ. ಬರಹ ತೆಗೀತೀನಿ. ಪುಟ ಖಾಲಿ ಬಿಡೋಕಾಗಲ್ಲ. ಏನಾಯ್ತು ಅಂತ ನೀನೇ ಬರೆದುಕೊಡು, ನೂರು ಪದ. ಬೇರೆ ಕಡೆ ಇದೇ ಕೆಲ್ಸ ಮಾಡೋರು ಇದಾರೆ, ಅವರ ಡಬ್ಬೀಲೂ ಏನೇನಿದ್ಯೋ. ಮೂರೂವರೆ ಒಳಗೆ ಬರ್ಬೇಕು. ಹೆಸರು ಹಾಕ್ಬೇಕಾ, ಬೇಡ್ವಾ?"

"ಹಾಕಿ," ಎಂದಳು ಪುಟ್ಟಿ.

ಫೋನ್ ಇಟ್ಟ ಮೇಲೆ ಅವಳು ಸ್ವಲ್ಪ ಹೊತ್ತು ಕಂಬಕ್ಕೆ ಒರಗಿ ನಿಂತಳು. ಚಿಕ್ಕಮ್ಮ ತಟ್ಟೆಯಲ್ಲಿ ಅನ್ನ ಕಲೆಸಿ ತಂದು ಕೈಗೆ ಕೊಟ್ಟರು. "ತಿಂದು ಬರಿ. ಹಸಿದ ಹೊಟ್ಟೇಲಿ ತಪ್ಪೊಪ್ಪಿಗೆ ಬರೆದ್ರೆ ಉದ್ದ ಆಗುತ್ತೆ."

ನೂರು ಪದ ಬರೆಯಲು ಒಂದು ಗಂಟೆ ಹಿಡಿಯಿತು. ಮೊದಲ ಕರಡಿನಲ್ಲಿ ಸಾಫ್ಟ್‌ವೇರ್ ಬದಲಾವಣೆಯ ವಿಷಯವಿತ್ತು, ಟ್ಯಾಗ್ ಮಲಗಿ ಏಳುವ ವಿಷಯವಿತ್ತು. ಡಬ್ಬಿಯ ಬಗ್ಗೆ "ಹಳೆಯ ಟ್ಯಾಗೊಂದು ಆಕಸ್ಮಿಕವಾಗಿ ಸಾಮಾನುಗಳ ಜೊತೆ ಸೇರಿತ್ತು" ಎಂದಿತ್ತು. ಅದನ್ನು ಗಟ್ಟಿಯಾಗಿ ಓದಿದಳು.

"ಆಕಸ್ಮಿಕವಾಗಿ ಅಂದ್ರೆ?" ಎಂದರು ಚಿಕ್ಕಪ್ಪ.

"ಬಿಡಿ ಚಿಕ್ಕಪ್ಪ."

"ಹಾರಿಕೊಂಡು ಬಂದು ಡಬ್ಬಿಗೆ ಬಿತ್ತಾ ಅದು? ಬರ್ಕೋ. 'ತಂತ್ರಜ್ಞರು ಅದನ್ನು ದಂಡೆಯಲ್ಲಿ ಪಡೆದು, ನಿರುಪಯೋಗಿ ಎಂದು ಭಾವಿಸಿ, ಪುಸ್ತಕದಲ್ಲಿ ದಾಖಲಿಸದೆ ತಿರುಪಿನ ಡಬ್ಬಿಗೆ ಹಾಕಿದರು.' ಬರ್ದ್ಯಾ?"

"ಬರ್ದೆ."

"ಓದು."

ಓದಿದಳು. ಚಿಕ್ಕಪ್ಪ ಕೇಳಿಸಿಕೊಂಡು, 'ಪಡೆದು' ಎಂಬುದನ್ನು 'ದೋಣಿಯವನಿಂದ ಪಡೆದು' ಎಂದು ತಿದ್ದಿಸಿದರು. ಆಮೇಲೆ ಎದ್ದು ಹೋಗಿ ಪುಸ್ತಕ ತಂದು, ಇಂದಿನ ತಾರೀಖು ಹಾಕಿ, ಕಳೆದ ವರ್ಷ ಬರೆಯಬೇಕಾಗಿದ್ದ ಸಾಲನ್ನು ಬರೆದರು. ಕೆಳಗೆ ಸಹಿ ಹಾಕಿದರು.

ಮೂರೂ ಇಪ್ಪತ್ತಕ್ಕೆ ಬರಹ ಹೋಯಿತು. ಮೂರೂ ನಲವತ್ತಕ್ಕೆ ಮುದ್ರಣಾಲಯದಿಂದ ಫೋನ್ ಬಂತು. ಪುಟ ಜೋಡಿಸುವವನು. ಅವನಿಗೆ ನೀರುನಾಯಿಯ ಸಮಾಚಾರ ಬೇಕಿರಲಿಲ್ಲ, ಗೆರೆಯ ಸಮಾಚಾರ ಬೇಕಿತ್ತು.

"ಮೇಡಂ, ನಕ್ಷೇಲಿ ಕೆಂಪು ಗೆರೆ ಪೂರ್ತಿ ಅಳಿಸೋದಾ?"

ಪುಟ್ಟಿ ದತ್ತಾಂಶದ ಹಾಳೆಯನ್ನು ಮತ್ತೆ ಬಿಚ್ಚಿದಳು. ಸುತ್ತು ಹೊರಡುವುದಕ್ಕೆ ಮೂರು ವಾರ ಮುಂಚಿನ ದಾಖಲೆಗಳಿದ್ದವು. ಒಂದನೆಯ ರಿಸೀವರ್, ಎರಡನೆಯದು, ಮತ್ತೆ ಒಂದು, ಮತ್ತೆ ಎರಡು. ಹನ್ನೊಂದು ದಿನ ಹೀಗೆ, ಬಹುಪಾಲು ಬೆಳಗಿನ ಜಾವ ಮತ್ತು ಸಂಜೆ. ಆಗ ಜೀಪು ಶೆಡ್ಡಿನಲ್ಲಿತ್ತು. ಚಿಕ್ಕಪ್ಪ ಊರಲ್ಲಿದ್ದರು. ಆ ಹನ್ನೊಂದು ದಿನ ಟ್ಯಾಗ್ ಒಂದು ಜೀವಂತ ಪ್ರಾಣಿಯ ಭುಜದ ಮೇಲೆಯೇ ಇತ್ತು.

"ಪೂರ್ತಿ ಬೇಡ," ಎಂದಳು. "ಒಂದರಿಂದ ಎರಡರ ತನಕ ಇಟ್ಕೊಳ್ಳಿ. ಅಲ್ಲಿಂದ ಮುಂದೆ ಅಳಿಸಿ."

"ಇಷ್ಟೇ ಉಳಿಯುತ್ತೆ ಮೇಡಂ, ಒಂದು ಇಂಚೂ ಇಲ್ಲ. ಇದಕ್ಕೆ ಪೂರ್ತಿ ಪುಟದ ನಕ್ಷೆ ಹಾಕಿದ್ರೆ ಚೆನ್ನಾಗಿ ಕಾಣ್ಸಲ್ಲ."

"ಅರ್ಧ ಪುಟ ಮಾಡಿ."

"ಕಾಲು ಸಾಕಾಗುತ್ತೆ."

"ಸರಿ, ಕಾಲು."

ಅವನು ಕೀಲಿಗಳನ್ನು ಒತ್ತುವ ಸದ್ದು ಕೇಳಿಸಿತು. "ಆಯ್ತು ಮೇಡಂ, ಪುಟ ಅಚ್ಚಿಗೆ ಹೋಗಿದೆ," ಎಂದ.